ಜಂಬಿಟ್ಟಿಗೆ ಎಂದರೆ ಇಟ್ಟಿಗೆಯೋ, ಕಲ್ಲೋ?

ಸಾಗರ, ಹೊಸನಗರದ ಕಡೆ ಹಳೆಯ ಮನೆಗಳ ಗೋಡೆಯಲ್ಲಿ ಕಾಣುವ ಕೆಂಪು, ತೂತುತೂತಾದ ಜಂಬಿಟ್ಟಿಗೆ ಸುಟ್ಟ ಇಟ್ಟಿಗೆಯಲ್ಲ, ನೆಲದಿಂದಲೇ ಕಡಿದು ತೆಗೆದ ಕಲ್ಲು. ಕರಾವಳಿಯಲ್ಲಿ ಇದನ್ನೇ ಮುರಕಲ್ಲು, ಚಿರೆಕಲ್ಲು ಎನ್ನುತ್ತಾರೆ.

ಇದು ಹುಟ್ಟುವುದು ನಮ್ಮ ಮಳೆಯಿಂದ. ಲಕ್ಷಾಂತರ ವರ್ಷ ಸುರಿದ ನೀರು ಬಂಡೆಯನ್ನು ಶಿಥಿಲಗೊಳಿಸಿ, ಅದರ ಸಿಲಿಕಾ, ಸುಣ್ಣದಂಶಗಳನ್ನು ಕರಗಿಸಿ ಒಯ್ಯುತ್ತದೆ. ಮುಖ್ಯವಾಗಿ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದುಕೊಳ್ಳುತ್ತವೆ. ಕೆಂಪು ಬಣ್ಣ ಆ ಕಬ್ಬಿಣದ್ದೇ, ಅಂದರೆ ತುಕ್ಕಿನ ಬಣ್ಣ.

ನನಗೆ ಅತ್ಯಂತ ಚೆಂದ ಕಾಣುವುದು ಇದರ ಇನ್ನೊಂದು ಗುಣ. ನೆಲದೊಳಗೆ ತೇವವಿರುವಾಗ ಕೊಡಲಿಯಂಥ ಹತಾರದಲ್ಲೇ ಕಡಿಯುವಷ್ಟು ಮೆದು. ಹೊರತೆಗೆದು ಗಾಳಿ, ಬಿಸಿಲಿಗೆ ಒಡ್ಡಿದರೆ ನೀರಿನಂಶ ಆರಿ ಗಟ್ಟಿಯಾಗುತ್ತಾ ಹೋಗುತ್ತದೆ. ಹಾಗಾಗಿ ಕಡಿದ ಕೂಡಲೇ ಗೋಡೆಗೆ ಇಡಬೇಡಿ, ಕೆಲಕಾಲ ಒಣಗಲು ಬಿಡಿ. ಬಿಳಿ, ಹಳದಿ ಜೇಡಿ ಹೆಚ್ಚಿರುವ ಕಲ್ಲು ಮಳೆಗೆ ಕರಗುತ್ತದೆ, ಅದನ್ನು ಬೇರ್ಪಡಿಸಿ.

ವಿಜ್ಞಾನದಲ್ಲಿ ಇದರ ಹೆಸರು ಲ್ಯಾಟರೈಟ್. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಫ್ರಾನ್ಸಿಸ್ ಬುಕಾನನ್, ಕೇರಳದ ಅಂಗಾಡಿಪ್ಪುರದಲ್ಲಿ ಕಂಡ ಈ ಕಲ್ಲಿಗೆ ಆ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ನಮ್ಮವರ ಬಾಯಲ್ಲೂ ಇದು ಇಟ್ಟಿಗೆಯೇ!