ಸಂಪಾದಕರ ಉತ್ತರ: ಅತ್ತ ಹವಾಲ್ದಾರರ ಬರಹವನ್ನು ಏಕೆ ಅಚ್ಚು ಹಾಕಿದೆವು

ಕಾಸರಗೋಡಿನ ಬದಿಯಡ್ಕದ ಸಮೀಪದಿಂದ ನಿವೃತ್ತ ಅಧ್ಯಾಪಕರೊಬ್ಬರು ಬರೆದ ಪತ್ರ ನಾಲ್ಕು ಪುಟಗಳಷ್ಟಿದೆ. ಹೆಸರು ಬೇಡವೆಂದಿರುವುದರಿಂದ ಸಾರವನ್ನಷ್ಟೇ ಕೊಡುತ್ತೇನೆ. 1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್‌ನ ಫಿರಂಗಿದಳದಲ್ಲಿದ್ದು ಬಂದ ನಮ್ಮ ತಾಲೂಕಿನ ಹವಾಲ್ದಾರರೊಬ್ಬರ ನೆನಪುಗಳನ್ನು ಜುಲೈ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಅದರಲ್ಲಿ ಯುದ್ಧದ ಭಾಗವನ್ನು ಅಧ್ಯಾಪಕರು ಮೆಚ್ಚಿದ್ದಾರೆ. ಆದರೆ ಊರಿಗೆ ಮರಳಿದ ಮೇಲೆ ಅಡಕೆ ತೋಟದಲ್ಲಿ ಸೋಗೆ ಬಿದ್ದ ಸದ್ದಿಗೆ ಅವರು ನೆಲಕ್ಕೆ ಬೋರಲು ಬಿದ್ದದ್ದು, ಅದನ್ನು ಕಂಡು ಮಕ್ಕಳು ನಕ್ಕದ್ದು, ಆ ರಾತ್ರಿ ಹಟ್ಟಿಗೆ ಹೋಗಿ ದನದ ಕೊರಳಿಗೆ ತಲೆಯಾನಿಸಿ ಅತ್ತದ್ದು ಅಚ್ಚಾಗಬಾರದಿತ್ತು ಎನ್ನುತ್ತಾರೆ. ‘ಯೋಧನ ಕಣ್ಣೀರು ಮನೆಯೊಳಗಿನ ಮಾತು, ಅದನ್ನು ಬೀದಿಗೆ ತಂದರೆ ಸೇನೆಗೆ ಸೇರಬೇಕೆಂದಿರುವ ಹುಡುಗರ ಎದೆ ಕುಗ್ಗುತ್ತದೆ’ ಎಂಬುದು ಅವರ ಆಕ್ಷೇಪ.

ಮಾಸ್ತರರೇ, ನಿಮ್ಮ ಮಾತಿನಲ್ಲಿ ನ್ಯಾಯವಿಲ್ಲವೆಂದು ಹೇಳಲಾರೆ. ಹೇಳದಿರುವುದು ಒಬ್ಬ ಮನುಷ್ಯನ ಹಕ್ಕು. ಸಂಕಟವನ್ನು ಸಂತೆಗಿಡುವ ಪತ್ರಿಕೆಗಳನ್ನು ಕಂಡು ನನಗೂ ಹೇಸಿಗೆಯಾಗಿದೆ. ಆದರೆ ಈ ಬರಹವನ್ನು ನಾವು ಯಾರ ಬಾಯಿಂದಲೂ ಕಿತ್ತು ತಂದದ್ದಲ್ಲ. ಆ ಹಿರಿಯರು ಅರುವತ್ತು ಪುಟಗಳ ಲೆಕ್ಕದ ಪುಸ್ತಕವೊಂದರಲ್ಲಿ ಪೆನ್ಸಿಲಿನಿಂದ ಬರೆದು, ಎರಡು ಬಸ್ಸು ಬದಲಿಸಿ, ತಾವೇ ನಮ್ಮ ಕಚೇರಿಗೆ ತಂದುಕೊಟ್ಟರು.

ನೀವು ತಾಳಮದ್ದಳೆಯ ಅಭಿಮಾನಿಯೆಂದು ಪತ್ರದಲ್ಲೇ ಬರೆದುಕೊಂಡಿದ್ದೀರಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾಗಿ ಅಭಿಮಾನಿಯಾಗದೆ ಇರುವುದಾದರೂ ಹೇಗೆ! ಹಾಗಿದ್ದರೆ ಒಂದು ಪ್ರಶ್ನೆ. ಗದಾಯುದ್ಧದ ಕೌರವ ತಮ್ಮಂದಿರನ್ನು ನೆನೆದು ಗಂಟಲು ಕಟ್ಟಿ ಮಾತಾಡುವಾಗ, ಇದು ಅವನ ಮನೆಯೊಳಗಿನ ಮಾತೆಂದು ನೀವು ಎಂದಾದರೂ ಎದ್ದು ಹೋಗಿದ್ದೀರಾ? 10ನೇ ಶತಮಾನದಲ್ಲಿಯೇ ರನ್ನ ಆ ಛಲದಂಕಮಲ್ಲನನ್ನು ಸಂಜಯನೊಡನೆ ಹೆಣಗಳ ನಡುವೆ ನಡೆಸಿದ. ದುಶ್ಶಾಸನನ ಬಳಿ, ಕರ್ಣನ ಬಳಿ ನಿಲ್ಲಿಸಿ ಅಳಿಸಿದ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ತಲೆಬಾಗಿಸಿದ. ಅದರಿಂದ ಕೌರವ ಸಣ್ಣವನಾದನೆಂದು ಕನ್ನಡದ ಯಾವ ಓದುಗನೂ ಇಂದಿನವರೆಗೆ ಹೇಳಿಲ್ಲ. ರಾಜನಾದರೆ ಅಳಬಹುದು, ಹವಾಲ್ದಾರನಾದರೆ ಅಳಬಾರದು ಎಂಬ ನ್ಯಾಯವನ್ನು ನೀವು ತರಗತಿಯಲ್ಲಿ ಕಲಿಸಿರಲಾರಿರಿ.

ಸತ್ತ ವೀರನನ್ನು ನಮ್ಮ ನಾಡು ಚೆನ್ನಾಗಿಯೇ ನೋಡಿಕೊಳ್ಳುತ್ತದೆ. ಕನ್ನಡದ ನೆಲದಲ್ಲಿ ಅವನಿಗೆ ವೀರಗಲ್ಲಿದೆ. ಇಲ್ಲಿ, ತುಳುವರ ನಡುವೆ, ಎಣ್ಮೂರಿನ ಕಾಳಗದಲ್ಲಿ ಅಳಿದ ಅವಳಿ ವೀರರಾದ ಕೋಟಿ ಚೆನ್ನಯರಿಗೆ ಗರಡಿಗಳೆಂಬ ಗುಡಿಗಳಿವೆ, ವರ್ಷಕ್ಕೊಮ್ಮೆ ದೈವಾರಾಧನೆಯ ನೇಮವಿದೆ, ದರ್ಶನವಾದಾಗ ಊರೇ ಕೈಮುಗಿದು ನಿಂತು ಕೇಳುವ ನುಡಿಯಿದೆ. ಬದುಕಿ ಬಂದವನಿಗೆ ಈ ಯಾವುದೂ ಇಲ್ಲ. ಹಿಂದಿನ ಯುದ್ಧಗಳಲ್ಲಿ ಮಡಿದವರ ಅಂತ್ಯಕ್ರಿಯೆ ಬಹುಮಟ್ಟಿಗೆ ರಣರಂಗದ ಬಳಿಯೇ ನಡೆಯುತ್ತಿತ್ತು; ಕಾರ್ಗಿಲ್‌ನಲ್ಲಿ ಮಡಿದ 527 ಮಂದಿಯ ಕಾಲಕ್ಕೆ ತ್ರಿವರ್ಣ ಹೊದಿಸಿದ ಪೆಟ್ಟಿಗೆಗಳು ಊರೂರಿಗೆ ಬಂದವು, ಜನ ಹೂವು ಚೆಲ್ಲಿದರು. ಅದು ಆಗಬೇಕಾದದ್ದೇ. ಅದೇ ವರ್ಷ ನಮ್ಮ ಹವಾಲ್ದಾರರು ರಜೆಯಲ್ಲಿ ಕಾಸರಗೋಡು ನಿಲ್ದಾಣದಲ್ಲಿ ರೈಲಿಳಿದು, ಕಬ್ಬಿಣದ ಟ್ರಂಕನ್ನು ಹೆಗಲಿಗೇರಿಸಿ, ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದರು. ತೋಲೋಲಿಂಗ್‌ನ ನೆತ್ತಿಯಿಂದ ಶತ್ರುವಿಗೆ ಶ್ರೀನಗರ–ಲೇಹ್ ಹೆದ್ದಾರಿ ಅಂಗೈಯಂತೆ ಕಾಣುತ್ತಿದ್ದ ದಿನಗಳಲ್ಲಿ, ಆ ಹೆದ್ದಾರಿಯ ಬದಿಯಲ್ಲೇ ಬೊಫೋರ್ಸ್ ಫಿರಂಗಿಗೆ ಗುಂಡು ತುಂಬುತ್ತಿದ್ದವರು ಅವರು. ಜೂನ್ 13ರಂದು ಆ ಬೆಟ್ಟ ಕೈವಶವಾದ ಸುದ್ದಿ ಬಂದಾಗ ಕುಣಿಯುವಷ್ಟು ಸಂತೋಷವಾಗಬೇಕಿತ್ತು, ಆದರೆ ಹಿಂದಿನ ಸಂಜೆ ತನ್ನೊಡನೆ ಶಕ್ಕರ್‌ಪಾರೆ ಹಂಚಿಕೊಂಡು ತಿಂದವನ ಮಗ್ಗು ಪಕ್ಕದಲ್ಲೇ ಇತ್ತು ಎಂದು ಅವರು ಬರೆದ ಸಾಲನ್ನು ನೀವು ಮೆಚ್ಚಿದ್ದೀರಿ. ಹಟ್ಟಿಯಲ್ಲಿ ಅತ್ತವರೂ ಅವರೇ ಅಲ್ಲವೇ? ಅರ್ಧ ಮನುಷ್ಯನನ್ನು ಅಚ್ಚು ಹಾಕಿ ಉಳಿದರ್ಧವನ್ನು ಕತ್ತರಿಸುವ ಕೆಲಸ ನನ್ನಿಂದಾಗದು.

ಮರೆತುಬಿಡು ಎಂಬ ಉಪದೇಶ ಹಳೆಯದು, ಅದರ ಫಲ ಏನೆಂಬುದೂ ಹಳೆಯದೇ. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯ ರಣರಂಗದಲ್ಲಿ ಕಂಗೆಟ್ಟ ಸೈನಿಕರ ಸ್ಥಿತಿಗೆ ‘ಶೆಲ್ ಶಾಕ್’ ಎಂಬ ಹೆಸರನ್ನು ವೈದ್ಯಪತ್ರಿಕೆಗೆ ತಂದ. ಮೊದಮೊದಲು ಅದು ಸಿಡಿತದ ಅದುರಿಗೆ ಮಿದುಳು ಕದಡುವ ಕಾಯಿಲೆಯಿರಬೇಕೆಂದು ನಂಬಿದ್ದರು. ಸ್ಕಾಟ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಅಂಥ ಅಧಿಕಾರಿಗಳನ್ನು ನೋಡಿಕೊಂಡ ರಿವರ್ಸ್ ಎಂಬ ವೈದ್ಯ, ಯುದ್ಧದ ನೆನಪನ್ನು ಹತ್ತಿಕ್ಕಲು ಹೇಳುವುದರಿಂದಲೇ ರೋಗಿಯ ರಾತ್ರಿಗಳು ಕೆಡುತ್ತವೆಂದು 1917ರಲ್ಲಿ ವಾದಿಸಿದ. ಅದೇ ಯುದ್ಧದಲ್ಲಿ ಪಲಾಯನ, ಹೇಡಿತನ ಎಂದು ತಮ್ಮವರಿಂದಲೇ ಗುಂಡಿಟ್ಟು ಕೊಲ್ಲಿಸಲ್ಪಟ್ಟ 306 ಮಂದಿಗೆ ಬ್ರಿಟನ್ ಕ್ಷಮೆ ನೀಡಿದ್ದು 2006ರಲ್ಲಿ. ತೊಂಬತ್ತು ವರ್ಷ ಬೇಕಾಯಿತು. ನಾವು ಅಷ್ಟು ಕಾಯಬೇಕೇ?

ನನ್ನ ಬಾಲ್ಯದ ಮಾತೊಂದಿದೆ. ನಮ್ಮ ನೆರೆಯಲ್ಲಿ 1971ರ ಯುದ್ಧಕ್ಕೆ ಹೋಗಿ ಬಂದವರೊಬ್ಬರಿದ್ದರು. ಗಟ್ಟಿ ಆಳು, ಕಂಬಳದ ಕೋಣಗಳನ್ನು ಒಬ್ಬರೇ ಹಿಡಿದು ನಿಲ್ಲಿಸಬಲ್ಲವರು. ಪ್ರತಿ ಜನವರಿಯಲ್ಲಿ ಕುಂಬಳೆ ಬೆಡಿಯ ದಿನ ಮಾತ್ರ ಬೆಳಗ್ಗೆಯೇ ಬುತ್ತಿ ಕಟ್ಟಿಕೊಂಡು ಸುಳ್ಯದ ಕಡೆಗಿದ್ದ ತಂಗಿಯ ಮನೆಗೆ ಹೊರಟುಬಿಡುತ್ತಿದ್ದರು. ಊರಿಗೆ ಊರೇ ಬೆಡಿ ನೋಡಲು ಕುಂಬಳೆಗೆ ನಡೆಯುವಾಗ ಈ ಮನುಷ್ಯ ಎದುರು ದಿಕ್ಕಿನಲ್ಲಿ ಹೋಗುವುದನ್ನು ಕಂಡು ನಾವು ಹುಡುಗರು ಅವರಿಗೆ ಒಂದು ಅಡ್ಡಹೆಸರನ್ನಿಟ್ಟಿದ್ದೆವು. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ನಮ್ಮ ಆಡುಮಾತಿನಲ್ಲಿ ಬೆಡಿಯೆಂದರೆ ಜಾತ್ರೆಯ ಸಿಡಿಮದ್ದೂ ಹೌದು, ಕೋವಿಯೂ ಹೌದು ಎಂಬುದು ಗೊತ್ತಿದ್ದರೂ, ಆ ಎರಡನ್ನೂ ಒಂದೇ ಕಿವಿಯಲ್ಲಿ ಕೇಳುವವನೊಬ್ಬ ನೆರೆಯಲ್ಲಿದ್ದಾನೆಂದು ನಮಗೆ ಹೊಳೆಯಲಿಲ್ಲ. ಅವರು ತೀರಿಕೊಂಡಾಗ ಹೊಗಳಿ ಮಾತಾಡಿದವರಲ್ಲಿ ನಾನೂ ಒಬ್ಬ. ಆದರೆ ಬದುಕಿದ್ದಾಗ ಒಮ್ಮೆಯೂ ಅವರನ್ನು ಏನೂ ಕೇಳಿರಲಿಲ್ಲ. ನಿಮ್ಮ ಪತ್ರಕ್ಕೆ ಇಷ್ಟುದ್ದ ಉತ್ತರ ಬರೆಯುತ್ತಿರುವುದರಲ್ಲಿ ಆ ಋಣದ ಪಾಲೂ ಇದೆ.

ಇನ್ನು ಭಾಷೆಯ ಮಾತು. ಈ ಸಂಪಾದಕ ಎಲ್ಲಿಂದ ಹೊರಟರೂ ಕೊನೆಗೆ ಚಂದ್ರಗಿರಿ ಹೊಳೆಯ ದಡಕ್ಕೇ, ಕಾಸರಗೋಡು ಕೇರಳಕ್ಕೆ ಸೇರಿಹೋದ ಹಳೆಯ ಮಾತಿಗೇ, ಬಂದು ಮುಟ್ಟುತ್ತಾನೆಂದು ಹಳೆಯ ಓದುಗರು ನಗುವುದುಂಟು, ನಗಲಿ. ಕನಸಿನಲ್ಲಿ ಆಜ್ಞೆ ಹಿಂದಿಯಲ್ಲಿ ಬರುತ್ತದೆ, ನನ್ನ ಕೂಗು ತುಳುವಿನಲ್ಲಿ ಹೊರಡುತ್ತದೆ ಎಂದು ಹವಾಲ್ದಾರರು ನನಗೆ ಹೇಳಿದರು. ನಿದ್ದೆಯಿಲ್ಲವೆಂದು ವೈದ್ಯರ ಬಳಿ ಹೋದಾಗ ಪ್ರಶ್ನೆಗಳೆಲ್ಲ ಮಲಯಾಳದಲ್ಲಿದ್ದವು. ಪೇಟೆಯಲ್ಲಿ ಮೀನು ಕೊಳ್ಳುವಷ್ಟು ಮಲಯಾಳ ಅವರಿಗೆ ಬರುತ್ತದೆ, ಹೆಣದ ವಾಸನೆಯನ್ನು ವಿವರಿಸುವಷ್ಟು ಬರುವುದಿಲ್ಲ. ತಲೆನೋವು ಎಂದಷ್ಟೇ ಹೇಳಿ ಗುಳಿಗೆ ತಂದರು. ಅವರ ಪತ್ನಿ ಕನ್ನಡದಲ್ಲಿ ಬರೆದುಕೊಂಡು ಹೋದ ಅರ್ಜಿಯನ್ನು ಕಚೇರಿಯೊಂದರಲ್ಲಿ ಓದದೆಯೇ ಹಿಂದಕ್ಕೆ ಕೊಟ್ಟರು. ಕುಂದುಕೊರತೆಯ ಮನವಿಯನ್ನು ಒಕ್ಕೂಟದ ಅಥವಾ ರಾಜ್ಯದ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ; ಆ ಮೇಜಿನ ಹಿಂದಿದ್ದವರಿಗೆ ಅದನ್ನು ಯಾರೂ ಹೇಳಿರಲಿಲ್ಲವೆಂದು ತೋರುತ್ತದೆ. 1956ರಲ್ಲಿ ರಾಜ್ಯಗಳ ನಡುವೆ ಗೆರೆ ಎಳೆದವರು ನಕ್ಷೆಯನ್ನು ನೋಡಿದರು, ಚಂದ್ರಗಿರಿಯ ಉತ್ತರದ ನೆಲ ಕರ್ನಾಟಕಕ್ಕೆ ಸೇರಬೇಕೆಂದ 1967ರ ಮಹಾಜನ ಆಯೋಗದ ವರದಿ ಕಪಾಟು ಸೇರಿತು. ಆ ಗೆರೆ ಒಬ್ಬ ಮನುಷ್ಯನ ನಿದ್ದೆಯನ್ನೂ ದಾಟಿ ಹೋದೀತೆಂದು ಯಾರೂ ಎಣಿಸಿರಲಾರರು. ಶಾಲೆಯಲ್ಲಿ ಕಲಿತ ಕನ್ನಡವೊಂದೇ ಅವರಿಗೆ ಬರೆಯಲು ಬರುವ ಭಾಷೆ. ಅದರಲ್ಲಿ ಬರೆದುದನ್ನು ಕನ್ನಡ ಪತ್ರಿಕೆಯೇ ಬೇಡವೆಂದರೆ ಅವರು ಇನ್ನೆಲ್ಲಿಗೆ ಹೋಗಬೇಕು?

ಪತ್ರದ ಅಂಚಿನಲ್ಲಿ ನೀವು ಸಣ್ಣಕ್ಷರಗಳಲ್ಲಿ ಬರೆದ ಎರಡು ಸಾಲನ್ನು ನಾನು ಹಲವು ಬಾರಿ ಓದಿದೆ. ನಿಮ್ಮ ದೊಡ್ಡಪ್ಪನವರು ಭಾರತದ ಶಾಂತಿಪಾಲನಾ ಪಡೆಯಲ್ಲಿ ಶ್ರೀಲಂಕಾಕ್ಕೆ ಹೋಗಿದ್ದರು, ಬಂದ ಮೇಲೆ ಒಂದು ಮಾತೂ ಆಡಲಿಲ್ಲ, ಇಂದಿಗೂ ದೀಪ ಆರಿಸಿ ಮಲಗುವುದಿಲ್ಲ ಎಂದಿದ್ದೀರಿ. ಅದನ್ನೇ ಧೈರ್ಯದ ಮಾದರಿಯೆಂದೂ ಕರೆದಿದ್ದೀರಿ. 1987ರಲ್ಲಿ ಶಾಂತಿ ಕಾಯಲೆಂದು ಹೋದ ಆ ಪಡೆ ಕೆಲವೇ ತಿಂಗಳಲ್ಲಿ ಯುದ್ಧಕ್ಕಿಳಿಯಬೇಕಾಯಿತು, ಸುಮಾರು 1,200 ಮಂದಿಯನ್ನು ಕಳೆದುಕೊಂಡಿತು. 1990ರ ಮಾರ್ಚ್‌ನಲ್ಲಿ ಮರಳಿದಾಗ ಮದ್ರಾಸಿನ ಸ್ವಾಗತಕ್ಕೆ ಆ ರಾಜ್ಯದ ಮುಖ್ಯಮಂತ್ರಿಯೇ ಹೋಗಲಿಲ್ಲ. ಕಾರ್ಗಿಲ್‌ಗೆ ಜುಲೈ 26 ಇದೆ. ನಿಮ್ಮ ದೊಡ್ಡಪ್ಪನವರ ಯುದ್ಧಕ್ಕೆ ಅಂಥ ದಿನವಿಲ್ಲ. ಮಾತಾಡಿದ್ದರೂ ಕೇಳುವವರು ಯಾರಿದ್ದರು, ಮಾಸ್ತರರೇ? ನೀವು ಕೇಳಿದ್ದಿರಾ?

ಹವಾಲ್ದಾರರ ಬರಹದ ಎರಡನೆಯ ಭಾಗ ಮುಂದಿನ ಸಂಚಿಕೆಯಲ್ಲಿ ಬರುತ್ತದೆ, ಒಂದು ಸಾಲನ್ನೂ ಕತ್ತರಿಸುವುದಿಲ್ಲ. ನಿಮ್ಮ ದೊಡ್ಡಪ್ಪನವರು ಒಪ್ಪಿದರೆ, ಅಚ್ಚು ಹಾಕುವ ಆಸೆಯನ್ನು ಕಚೇರಿಯಲ್ಲೇ ಬಿಟ್ಟು, ಸುಮ್ಮನೆ ಕುಳಿತು ಕೇಳಲು ನಾನೇ ಬರುತ್ತೇನೆ. ತುಳುವಾಗಲಿ ಕನ್ನಡವಾಗಲಿ, ಅವರಿಗೆ ಹೇಗೆ ಹಿತವೋ ಹಾಗೆ. ಅಡಕೆ ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ ಯಾವ ದಿನವಾದರೂ ತಿಳಿಸಿ. ನಿಮ್ಮೂರಿನ ಜಾತ್ರೆಯ ದಿನವೊಂದು ಬೇಡ.