ಆಸಿಲೋಸ್ಕೋಪಿನ ಬೀಗ ತೆಗೆಯಬಹುದೇ?

ಪ್ರಶ್ನೆ: ನನ್ನಲ್ಲಿರುವುದು 50 ಮೆಗಾಹರ್ಟ್ಸ್‌ನ ಡಿಜಿಟಲ್ ಆಸಿಲೋಸ್ಕೋಪ್ (ವಿದ್ಯುತ್ ಸಂಕೇತದ ಏರಿಳಿತವನ್ನು ತೆರೆಯ ಮೇಲೆ ಚಿತ್ರಿಸುವ ಉಪಕರಣ). ಅದೇ ಸರಣಿಯ 100 ಮೆಗಾಹರ್ಟ್ಸ್ ಮಾದರಿಯಲ್ಲಿಯೂ ಇದೇ ಬೋರ್ಡ್ ಇದ್ದು, ಒಂದು ಕೀ (ಬೀಗ ತೆರೆಯುವ ಗುಪ್ತ ಸಂಕೇತ) ನಮೂದಿಸಿದರೆ ನನ್ನದೂ 100ಕ್ಕೆ ಏರುತ್ತದೆ ಎನ್ನುತ್ತಾರೆ. ಇದು ನಿಜವೇ? ಮಾಡಬಹುದೇ?

ಉತ್ತರ: ಹಲವು ಮಾದರಿಗಳ ಮಟ್ಟಿಗೆ ನಿಜ. ಎರಡು ಬಗೆಯ ಬೋರ್ಡ್ ತಯಾರಿಸುವುದಕ್ಕಿಂತ ಒಂದನ್ನೇ ತಯಾರಿಸಿ, ಅಗ್ಗದ ಮಾದರಿಯಲ್ಲಿ ತಂತ್ರಾಂಶದ ಮೂಲಕ ಬೀಗ ಹಾಕುವುದು ಕಂಪನಿಗಳಿಗೆ ಲಾಭಕರ. ರಿಗೋಲ್‌ನ ಡಿಎಸ್1052ಇ ಮತ್ತು ಡಿಎಸ್1054ಝಡ್ ಇದಕ್ಕೆ ಹೆಸರಾದ ಉದಾಹರಣೆಗಳು. ಎರಡನ್ನೂ 50 ಮೆಗಾಹರ್ಟ್ಸ್ ಎಂದೇ ಮಾರಲಾಗುತ್ತಿತ್ತು, ಎರಡನ್ನೂ ಹವ್ಯಾಸಿಗಳು 100ಕ್ಕೆ ಏರಿಸಿದರು.

ಆದರೆ ತೆರೆಯ ಮೇಲೆ 100 ಎಂದು ಮೂಡಿದ ಮಾತ್ರಕ್ಕೆ ನಂಬಬೇಡಿ, ಅಳೆದು ನೋಡಿ. ಸ್ಕೋಪಿನ ಏರಿಕೆ ಕಾಲವನ್ನು, ಅಂದರೆ ಥಟ್ಟನೆ ಏರುವ ಸಂಕೇತವನ್ನು ಏರಿಸಿ ತೋರಿಸಲು ಅದಕ್ಕೆ ಬೇಕಾಗುವ ಹೊತ್ತನ್ನು, ಸುಮಾರಾಗಿ 0.35ನ್ನು ಬ್ಯಾಂಡ್‌ವಿಡ್ತ್‌ನಿಂದ (ಅದು ಹೆಚ್ಚು ಕುಗ್ಗಿಸದೆ ತೋರಿಸಬಲ್ಲ ಗರಿಷ್ಠ ಆವರ್ತನದಿಂದ) ಭಾಗಿಸಿ ಪಡೆಯಬಹುದು: 50 ಮೆಗಾಹರ್ಟ್ಸ್‌ಗೆ 7 ನ್ಯಾನೋಸೆಕೆಂಡ್, 100ಕ್ಕೆ 3.5. ಆದ್ದರಿಂದ 1 ನ್ಯಾನೋಸೆಕೆಂಡಿನಲ್ಲಿ ಏರುವ ಪಲ್ಸನ್ನು ಕೊಟ್ಟಾಗ, ಮೊದಲು ಸುಮಾರು 7.1 ತೋರುತ್ತಿದ್ದ ಸ್ಕೋಪ್ ಈಗ 3.6ರ ಆಸುಪಾಸಿನಲ್ಲಿ ತೋರಿದರೆ ಮಾತ್ರ ಬೀಗ ನಿಜವಾಗಿ ತೆರೆದಿದೆ ಎನ್ನಬಹುದು. ಪ್ರೋಬಿನ (ಸಂಕೇತವನ್ನು ಸ್ಕೋಪಿಗೆ ತರುವ ತಂತಿಯ) ಸ್ವಿಚ್ ಸಂಕೇತವನ್ನು ತಗ್ಗಿಸದೆ ಹಾಯಿಸುವ 1ಎಕ್ಸ್‌ನಲ್ಲಿದ್ದರೆ ಈ ಪರೀಕ್ಷೆಯೇ ವ್ಯರ್ಥ, ಏಕೆಂದರೆ ಆ ಸ್ಥಾನದಲ್ಲಿ ಸಾಮಾನ್ಯ ಪ್ರೋಬುಗಳು 10 ಮೆಗಾಹರ್ಟ್ಸ್ ದಾಟುವುದೇ ಅಪರೂಪ.

ಕೀ ಬದಲಾಯಿಸಲಾಗದ ಮಿತಿಗಳೂ ಇವೆ. ಡಿಎಸ್1054ಝಡ್‌ನಲ್ಲಿ ಸೆಕೆಂಡಿಗೆ 100 ಕೋಟಿ ಸ್ಯಾಂಪಲ್‌ಗಳ (ಬಿಡಿ ಅಳತೆಗಳ) ಒಟ್ಟು ವೇಗವನ್ನು ಚಾನೆಲ್‌ಗಳು ಹಂಚಿಕೊಳ್ಳುವುದರಿಂದ, ನಾಲ್ಕನ್ನೂ ಚಾಲೂ ಮಾಡಿದಾಗ ಒಂದೊಂದಕ್ಕೂ ಸಿಗುವುದು 25 ಕೋಟಿ; ಅಂದರೆ 100 ಮೆಗಾಹರ್ಟ್ಸ್ ತರಂಗದ ಒಂದು ಆವರ್ತಕ್ಕೆ ಕೇವಲ ಎರಡೂವರೆ ಬಿಂದುಗಳು, ಉಳಿದದ್ದು ಸ್ಕೋಪಿನ ಲೆಕ್ಕಾಚಾರ. ಐ2ಸಿ, ಎಸ್‌ಪಿಐಗಳ (ಚಿಪ್‌ಗಳು ಪರಸ್ಪರ ಮಾಹಿತಿ ಕಳುಹಿಸುವ ವಿಧಾನಗಳ) ಡಿಕೋಡಿಂಗ್‌ನಂಥ ಸೌಲಭ್ಯಗಳ ಮಾತು ಬೇರೆ. ಅವು ಶುದ್ಧ ತಂತ್ರಾಂಶ. ತೆರೆದರೆ ಪೂರ್ತಿಯಾಗಿಯೇ ದಕ್ಕುತ್ತವೆ, ಮತ್ತು ನನ್ನ ದೃಷ್ಟಿಯಲ್ಲಿ ಹವ್ಯಾಸಿಗೆ ಬ್ಯಾಂಡ್‌ವಿಡ್ತ್‌ಗಿಂತ ಹೆಚ್ಚು ಉಪಯುಕ್ತ.

ಇನ್ನು ಮಾಡಬಹುದೇ ಎಂಬ ಮಾತು. ಇದು ಸಾಮಾನ್ಯವಾಗಿ ಪರವಾನಗಿ ಒಪ್ಪಂದದ ಉಲ್ಲಂಘನೆ. ವಾರಂಟಿ ಕೈತಪ್ಪಬಹುದು, ಹೊಂದದ ಫರ್ಮ್‌ವೇರ್ (ಉಪಕರಣದೊಳಗಿನ ಮೂಲ ತಂತ್ರಾಂಶ) ತುಂಬಿದರೆ ಉಪಕರಣವೇ ನಿಶ್ಚಲವಾಗಬಹುದು. ಅಳತೆಯ ವರದಿಗೆ ಸಹಿ ಹಾಕಿ ಇತರರಿಗೆ ಕೊಡುವ ಪ್ರಯೋಗಾಲಯಗಳು ಇದರ ತಂಟೆಗೆ ಹೋಗಲೇಬಾರದು, ಏಕೆಂದರೆ 50 ಮೆಗಾಹರ್ಟ್ಸ್ ಉಪಕರಣಕ್ಕೆ ಕೊಟ್ಟ ಕ್ಯಾಲಿಬ್ರೇಷನ್ (ಅಳತೆಯ ನಿಖರತೆಯನ್ನು ತಾಳೆ ನೋಡಿದ) ಪ್ರಮಾಣಪತ್ರ ಅದರಾಚೆಗಿನ ಅಳತೆಗೆ ಹೊಣೆಯಲ್ಲ. ಮೊದಲು ಕಂಪನಿಯನ್ನೇ ವಿಚಾರಿಸಿ. ಎಷ್ಟೋ ಸಲ ಇದೇ ಕೀಯನ್ನು ಅವರೇ ಮಾರುತ್ತಾರೆ.

ಪ್ರಶ್ನೆ: ಮಲ್ಟಿಮೀಟರಿನಲ್ಲಿಯೂ ಇಂಥ ಗುಪ್ತ ಸೌಲಭ್ಯಗಳಿವೆಯೇ?

ಉತ್ತರ: ಇವೆ, ಬಹುಪಾಲು ಕೈಪಿಡಿಯಲ್ಲೇ ಅಚ್ಚಾಗಿರುತ್ತವೆ, ಓದುವವರು ಕಡಿಮೆ, ಅಷ್ಟೆ. ಫ್ಲೂಕ್ 87-5 ಮೀಟರಿನ ಹಳದಿ ಗುಂಡಿಯನ್ನು ಒತ್ತಿಹಿಡಿದು ತಿರುಗುಗುಂಡಿಯನ್ನು ಆಫ್‌ನಿಂದ ತಿರುಗಿಸಿದರೆ, 30 ನಿಮಿಷಗಳಲ್ಲಿ ತಾನಾಗಿ ಆರಿಹೋಗುವ ಅದರ ಅಭ್ಯಾಸ ಆ ಬಾರಿಗೆ ನಿಲ್ಲುತ್ತದೆ. ದೀರ್ಘಕಾಲ ಒಂದೇ ವೋಲ್ಟೇಜನ್ನು ಗಮನಿಸುವವರಿಗೆ ಇದು ಬೇಕೇ ಬೇಕು.