ಜವಳಕ್ಕೆ ಮುಂಚೆ ಕೇಳಿ

ದಾವಣಗೆರೆ ಬಿಟ್ಟು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊಗೆ ಬಂದು ಎಂಟು ತಿಂಗಳಾಯ್ತು ಅಂತ ಬರೆದಿದ್ದೀರಿ. ಐವಿಎಫ್ ಸಾಕಾಗಿದೆ ಅಂತಲೂ ಬರೆದಿದ್ದೀರಿ. ಆ ಸಾಲಿನ ಹಿಂದೆ ಏನಿದೆ ಅಂತ ನನಗೆ ಗೊತ್ತು, ಬಿಡಿ. ಫಾಸ್ಟರ್ ಕೇರ್, ಅಂದರೆ ಹೆತ್ತವರಿಂದ ಸರ್ಕಾರ ಬೇರೆ ಮಾಡಿದ ಮಕ್ಕಳನ್ನು ಸದ್ಯಕ್ಕೆ ಬೇರೆಯವರ ಮನೆಯಲ್ಲಿ ಸಾಕುವ ವ್ಯವಸ್ಥೆ, ಅದರ ಮೂಲಕ ದತ್ತು ತಗೊಂಡರೆ ಖರ್ಚಿಲ್ಲವಂತೆ ನಿಜವಾ, ವರ್ಷದೊಳಗಿನ ಮಗು ಸಿಗುತ್ತಾ, ಎಷ್ಟು ದಿನ ಹಿಡಿಯುತ್ತೆ, ಊರಲ್ಲಿ ಏನು ಹೇಳೋದು, ಇವು ನಿಮ್ಮ ಪ್ರಶ್ನೆಗಳು.

ನಾನು 2003ರ ಜನವರಿಯಲ್ಲಿ ಸನ್ನಿವೇಲ್‌ಗೆ ಬಂದೆ. ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಅವರ ಮನೆಯಲ್ಲಿ ಯಾವಾಗಲೂ ಮೂರು ನಾಲ್ಕು ಮಕ್ಕಳು, ಒಂದರ ಮುಖ ಇನ್ನೊಂದಕ್ಕೆ ಹೋಲದು. ಶಿಶುವಿಹಾರ ನಡೆಸುತ್ತಾರೇನೋ ಅಂದುಕೊಂಡಿದ್ದೆ. ದಿನಾ ನನ್ನ ಹತ್ತಿರ ಬಂದು ಚಕ್ಕುಲಿ ಕೇಳುತ್ತಿದ್ದ ಹುಡುಗ ಒಂದು ದಿನ ಕಾಣಲಿಲ್ಲ. ಕೇಳಿದೆ. 'ಅವನ ಅಮ್ಮನ ಹತ್ತಿರ ಹೋದ' ಅಂದರು, ನಗುತ್ತಲೇ. ಆಮೇಲೆ ಎರಡು ದಿನ ಅವರ ಮನೆ ಪರದೆ ಸರಿಯಲಿಲ್ಲ. ಯಾಕೆ ಅಂತ ನನಗೆ ಹೊಳೆದದ್ದು ಹತ್ತು ವರ್ಷ ಕಳೆದ ಮೇಲೆ.

ಖರ್ಚಿನ ಮಾತು ನಿಜ. ಕೌಂಟಿ (ನಮ್ಮ ಜಿಲ್ಲಾಡಳಿತ ಇದ್ದ ಹಾಗೆ) ಮೂಲಕ ಹೋದರೆ ಹೆಚ್ಚುಕಡಿಮೆ ಏನೂ ಕೈಯಿಂದ ಹೋಗುವುದಿಲ್ಲ. ಮಗು ಮನೆಯಲ್ಲಿರುವಷ್ಟು ದಿನ ಅವರೇ ತಿಂಗಳಿಗಿಷ್ಟು ಕೊಡುತ್ತಾರೆ. ವೈದ್ಯಕೀಯ ಖರ್ಚಿಗೆ ಮೆಡಿ-ಕಾಲ್ ಅನ್ನುವ ಸರ್ಕಾರಿ ವಿಮೆ ಇದೆ. ದುಡ್ಡಿನ ವಿಷಯ ಇಷ್ಟು ಸಾಕು.

ಮನೆ ತಪಾಸಣೆಗೆ ಹೆದರಬೇಡಿ. ಕ್ಯಾಲಿಫೋರ್ನಿಯಾದಲ್ಲಿ 2017ರಿಂದ ಸಾಕುವುದಕ್ಕೂ ದತ್ತಕ್ಕೂ ಒಂದೇ ಒಪ್ಪಿಗೆ, ಅದಕ್ಕೆ 'ರಿಸೋರ್ಸ್ ಫ್ಯಾಮಿಲಿ' ಅಂತಾರೆ. ಕಡಿಮೆಯೆಂದರೆ ಹನ್ನೆರಡು ಗಂಟೆ ತರಬೇತಿ, ಬೆರಳಚ್ಚು, ಫಸ್ಟ್ ಏಡ್. ಮನೆಯಲ್ಲಿ ಔಷಧಿಯೆಲ್ಲ ಮಕ್ಕಳ ಕೈಗೆ ಸಿಗದ ಹಾಗೆ ಇರಬೇಕು. ಔಷಧಿ ಅಂದರೆ ನಿಮ್ಮಮ್ಮ ಕಳಿಸಿದ ಅಮೃತಾಂಜನವೂ ಸೇರಿ. ನಮ್ಮ ಮನೆಗೆ ಬಂದವರು ದೇವರ ಮನೆ ನೋಡಿ, ದೀಪ ಹಚ್ಚಿಟ್ಟು ಹೊರಗೆ ಹೋಗುತ್ತೀರಾ ಅಂತ ಮೂರು ಸಲ ಕೇಳಿದರು. ಇನ್ನೊಂದು, ಊರಿಂದ ಅತ್ತೆ ಬಂದು ಆರು ತಿಂಗಳು ಉಳಿಯುವುದಾದರೆ ಅವರ ಬೆರಳಚ್ಚೂ ಬೇಕು. ಅದನ್ನು ಅವರಿಗೆ ಹೇಗೆ ಹೇಳಬೇಕು ಅನ್ನೋದು ನಿಮಗೆ ಬಿಟ್ಟದ್ದು.

ಕೋರ್ಟಿನಲ್ಲಿ 'ಈ ಮಗು ಇಂಡಿಯನ್ನಾ?' ಅನ್ನುವ ಪ್ರಶ್ನೆ ಬಂದಾಗ ನನ್ನ ಗಂಡ ಗಾಬರಿಯಿಂದ ನನ್ನ ಮುಖ ನೋಡಿದರು. ಅದು ನಮ್ಮ ಇಂಡಿಯಾ ಅಲ್ಲ. ಇಲ್ಲಿಯ ಮೂಲನಿವಾಸಿ ಬುಡಕಟ್ಟಿನ ಮಗುವಾದರೆ ಮೊದಲು ಬಂಧುಗಳಿಗೆ, ಆಮೇಲೆ ಆ ಬುಡಕಟ್ಟಿನವರಿಗೆ ಕೊಡಬೇಕು ಅಂತ 1978ರ ಕಾನೂನು. 2023ರಲ್ಲಿ ಇಲ್ಲಿಯ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು.

ಈಗ ಚಿಕ್ಕ ಮಗು ಸಿಗುತ್ತಾ ಅನ್ನುವ ಮಾತು. ಮನೆಗೆ ಬರುತ್ತದೆ. ನಿಮ್ಮದಾಗುತ್ತಾ ಅನ್ನುವುದೇ ಬೇರೆ ಪ್ರಶ್ನೆ. ಮಗುವನ್ನು ಹೆತ್ತವರ ಹತ್ತಿರ ವಾಪಸ್ ಕಳಿಸುವುದೇ ಈ ವ್ಯವಸ್ಥೆಯ ಮೊದಲ ಕೆಲಸ. ಅದಾಗದಿದ್ದರೆ ಅಜ್ಜಿ, ಚಿಕ್ಕಮ್ಮ, ಯಾರಾದರೂ ಸಂಬಂಧಿಕರು. ಆಮೇಲೆ ನಾವು. 22 ತಿಂಗಳಲ್ಲಿ 15 ತಿಂಗಳು ಮಗು ಫಾಸ್ಟರ್ ಕೇರಿನಲ್ಲೇ ಉಳಿದರೆ ಹೆತ್ತವರ ಹಕ್ಕು ತೆಗೆಯುವ ಅರ್ಜಿ ಹಾಕಬೇಕು ಅಂತ 1997ರ ಕಾನೂನು ಹೇಳುತ್ತದೆ. ಅದಕ್ಕೂ ವಿನಾಯಿತಿಗಳಿವೆ. ಹಾಗಾಗಿ ವರ್ಷಗಳ ಲೆಕ್ಕ ಇಟ್ಟುಕೊಳ್ಳಿ, ತಿಂಗಳುಗಳದ್ದಲ್ಲ.

ನಾನು ತಪ್ಪಿದ್ದು ಇಲ್ಲೇ.

2013ರಲ್ಲಿ ನಮ್ಮ ಮನೆಗೆ ಮೊದಲು ಬಂದವಳು ಹತ್ತು ತಿಂಗಳ ಹುಡುಗಿ. ಗುಂಗುರು ಕೂದಲು, ಬೆರಳು ತೂರಿಸಿದರೆ ಸಿಕ್ಕಿಕೊಳ್ಳುವಷ್ಟು ದಟ್ಟ. ಅವಳ ಅಮ್ಮ ವಾರಕ್ಕೆ ಎರಡು ಸಲ ಕೌಂಟಿ ಆಫೀಸಿನ ಒಂದು ಕೋಣೆಯಲ್ಲಿ ಒಂದು ಗಂಟೆ ಅವಳನ್ನು ನೋಡಬಹುದಿತ್ತು. ಆ ಹೆಂಗಸು ಜಿಪ್ ಇರುವ ಸಣ್ಣ ಚೀಲ ತರುತ್ತಿದ್ದಳು. ಅದರಲ್ಲಿ ಬಾಚಣಿಗೆ, ಎಣ್ಣೆ ಸೀಸೆ, ಬಣ್ಣದ ಮಣಿಗಳು. ಗಂಟೆಯಿಡೀ ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಜಡೆ ಹಾಕುತ್ತಿದ್ದಳು. ಮನೆಗೆ ಬಂದ ಮೇಲೆ ನಾನು ಅದನ್ನು ಬಿಚ್ಚುತ್ತಿದ್ದೆ, ಮಗುವಿಗೆ ನೋಯುತ್ತೆ ಅನ್ನುವ ನೆಪದಲ್ಲಿ.

ಅವಳು ಬಾರದೆ ತಪ್ಪಿಸಿದ ದಿನಗಳನ್ನು ಊರಿಂದ ತಂದ ಕ್ಯಾಲೆಂಡರಿನಲ್ಲಿ, ಏಕಾದಶಿ ಅಮಾವಾಸ್ಯೆಗಳ ಪಕ್ಕದಲ್ಲಿ, ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಿದ್ದೆ. ಜಾಸ್ತಿ ಗುರುತಾದಷ್ಟೂ ನನಗೆ ಒಳ್ಳೆಯದು ಅಲ್ವಾ? ಹಾಗೆ ಯೋಚಿಸಿದ್ದೆ. ಈಗ ಬರೆಯೋಕೂ ನಾಚಿಕೆ.

ಮಗುವಿಗೆ ವರ್ಷ ತುಂಬಿತು. ಅತ್ತೆ ಹಾಸನದಿಂದ ಬಂದಿದ್ದರು. ಹುಟ್ಟುಗೂದಲು ಹಾಗೇ ಬಿಡಬಾರದು, ಜವಳ ತೆಗೆಸಿ ಅಂದರು. ಕೂದಲು ತೆಗೆಸುವ ಮುಂಚೆ ಹೆತ್ತವರನ್ನೋ ಸೋಷಿಯಲ್ ವರ್ಕರನ್ನೋ ಕೇಳಬೇಕು ಅಂತ ತರಬೇತಿಯಲ್ಲಿ ಹೇಳಿದ್ದರು. ನನಗೆ ಚೆನ್ನಾಗಿ ನೆನಪಿತ್ತು. ಅತ್ತೆ ಮೇಲೆ ಹಾಕೋದು ಸುಲಭ. ಆದರೆ ಆಸೆ ನನ್ನದೇ. ಜವಳ ಆದರೆ ಅವಳು ನಮ್ಮವಳಾಗುತ್ತಾಳೆ ಅನ್ನಿಸಿತ್ತು. ಭಾನುವಾರ ಬೆಳಿಗ್ಗೆ ಬಚ್ಚಲಲ್ಲಿ ನನ್ನ ಗಂಡ ಟ್ರಿಮ್ಮರ್ ಹಿಡಿದರು. ನಾನು ತಲೆಗೆ ಗಂಧ ಹಚ್ಚಿದೆ. ಆರತಿ ಎತ್ತಿದೆವು, ಪಾಯಸ ಮಾಡಿದೆವು.

ಮಂಗಳವಾರ ಭೇಟಿ. ಕೋಣೆಯ ಬಾಗಿಲಲ್ಲಿ ಮಗುವಿನ ಟೋಪಿ ತೆಗೆದೆ. ಅವಳಮ್ಮ ಆಗಲೇ ಚೀಲದ ಜಿಪ್ ಬಿಚ್ಚಿ ಬಾಚಣಿಗೆ ಹೊರಗಿಟ್ಟಿದ್ದಳು. ಕೂಗಾಡಲಿಲ್ಲ. ಬಾಚಣಿಗೆ ಒಳಗಿಟ್ಟು ಜಿಪ್ ಎಳೆದಳು. ಬಗ್ಗಿ ಮಗುವಿನ ತಲೆ ಮೂಸಿದಳು. ಗಂಧದ ವಾಸನೆ ಇನ್ನೂ ಇತ್ತು. ಆಮೇಲೆ ಗಂಟೆ ಮುಗಿಯುವ ತನಕ ಆ ಬೋಳು ತಲೆ ಮೇಲೆ ಅಂಗೈ ಇಟ್ಟುಕೊಂಡು ಕೂತಳು. ನಮ್ಮಲ್ಲಿ ಇದು ಶುಭ ಅಂತ ಇಂಗ್ಲಿಷಿನಲ್ಲಿ ಹೇಳೋಕೆ ನಾಲ್ಕು ವಾಕ್ಯ ಸಿದ್ಧ ಮಾಡಿಕೊಂಡು ಹೋಗಿದ್ದೆ. ಒಂದೂ ಹೊರಡಲಿಲ್ಲ.

ನಮ್ಮ ಮೇಲೆ ಬರಹದಲ್ಲಿ ದೂರು ದಾಖಲಾಯ್ತು. ಆಗಬೇಕಾದದ್ದೇ. ಏಳು ತಿಂಗಳ ನಂತರ ಮಗು ಅಮ್ಮನ ಹತ್ತಿರ ಹೋದಳು. ಅಷ್ಟರಲ್ಲಿ ಕೂದಲು ಒಂದು ಬೆರಳುದ್ದ ಬಂದಿತ್ತು, ಜಡೆಗೆ ಸಾಲದು. ಎರಡು ದಿನ ನಾನೂ ಪರದೆ ಸರಿಸಲಿಲ್ಲ.

ಈಗ ಇರುವ ಮಗ ಒಂದೂವರೆ ವರ್ಷದವನಾಗಿದ್ದಾಗ ಬಂದ. ಕೋರ್ಟಿನಲ್ಲಿ ದತ್ತು ಮುಗಿಯುವಷ್ಟರಲ್ಲಿ ಅವನಿಗೆ ನಾಲ್ಕಾಗಿತ್ತು. ಅವನ ಹೆತ್ತಮ್ಮನಿಗೆ ವರ್ಷಕ್ಕೊಮ್ಮೆ ಫೋಟೋ ಕಳಿಸುತ್ತೇವೆ. ಮೊದಲನೆಯ ಸಲ ಅವಳನ್ನು ನೋಡಿದಾಗಲೇ ಕೇಳಿದ್ದೆ, ಇವನ ಕೂದಲು ಹೇಗಿರಬೇಕು ಅಂತ. 'ಉದ್ದ ಇರಲಿ' ಅಂದಳು. ಭುಜದವರೆಗೆ ಇದೆ. ಕನ್ನಡ ಕೂಟದಲ್ಲಿ ಹೆಣ್ಣುಮಗು ಅಂದುಕೊಂಡು ಕೆನ್ನೆ ಹಿಂಡುತ್ತಾರೆ, ಅವನು ಕನ್ನಡದಲ್ಲೇ ಬೈಯುತ್ತಾನೆ. ಅದೊಂದು ನನಗೆ ಹೆಮ್ಮೆ. ಅತ್ತೆ ಫೋನಿನಲ್ಲಿ ಜವಳದ ಸುದ್ದಿ ಎತ್ತುವುದು ಈಗ ಬಿಟ್ಟಿದ್ದಾರೆ.

ಊರಲ್ಲಿ ಏನು ಹೇಳೋದು ಅಂದಿರಿ. ದತ್ತಿನ ಆದೇಶ ಕೈಗೆ ಬರುವ ತನಕ ಏನೂ ಹೇಳಬೇಡಿ. ಫೋಟೋವನ್ನಂತೂ ವಾಟ್ಸಾಪಿಗೆ ಹಾಕಲೇಬೇಡಿ.

ವೀಸಾ ವಿಷಯ. ನಾವು ಗ್ರೀನ್ ಕಾರ್ಡ್ ಬಂದ ಮೇಲೆ ಶುರು ಮಾಡಿದೆವು. ನಿಮ್ಮದು ಕೆಲಸದ ವೀಸಾ, ಎಚ್‌-1ಬಿ, ಕೌಂಟಿಯವರು ಮೊದಲಿಗೆ ಮಾಹಿತಿ ಕೊಡುವ ಓರಿಯಂಟೇಶನ್‌ನಲ್ಲಿ ಮೊದಲ ಪ್ರಶ್ನೆ ಅದೇ ಆಗಿರಲಿ. ದತ್ತು ಮುಗಿಯುವ ಮುಂಚೆ ಮಗುವನ್ನು ದೇಶದ ಹೊರಗೆ ಕರೆದುಕೊಂಡು ಹೋಗೋಕೆ ಕೋರ್ಟಿನ ಅಪ್ಪಣೆ ಬೇಕು. ಪಾಸ್ಪೋರ್ಟಿಗೆ ವೀಸಾ ಮುದ್ರೆ ಹಾಕಿಸೋ ಸ್ಟ್ಯಾಂಪಿಂಗ್‌ಗೆ ಇಬ್ಬರೂ ಒಟ್ಟಿಗೆ ಊರಿಗೆ ಹೋಗಬೇಕಾದೀತಾ, ಆಗ ಮಗು ಯಾರ ಹತ್ತಿರ ಇರುತ್ತೆ ಅಂತ ಈಗಲೇ ಕೂತು ಮಾತಾಡಿಕೊಳ್ಳಿ. ಓರಿಯಂಟೇಶನ್ ಮುಗಿದ ಮೇಲೆ ಒಂದು ಶನಿವಾರ ಮನೆಗೆ ಬನ್ನಿ. ರೊಟ್ಟಿ ತಟ್ಟೋಕೆ ನನಗೆ ಬರಲ್ಲ, ನೀವೇ ತಟ್ಟಬೇಕು.